ಮಾವನ ಪರಿಸಮಾಪ್ತಿ

ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಸೋದರಮಾವ ಒಂದೇ ಒಂದು ದೊಡ್ಡ ಪದ ಕಲಿತು, ಅದರಿಂದಲೇ ಇಡೀ ಕುಟುಂಬವನ್ನು ಗೋಳು ಹೊಯ್ದುಕೊಂಡರು ಎಂದರೆ ನಂಬುತ್ತೀರಾ? ಹಳೆಯ ಪುರಾಣದ ಪುಸ್ತಕದಲ್ಲಿ ಅಧ್ಯಾಯದ ಕೊನೆಗೆ ಇರುತ್ತದಲ್ಲ, ‘ಪರಿಸಮಾಪ್ತಿ’, ಅದು!

ನಾವು ‘ಮುಗಿಯಿತು’ ಎನ್ನುವುದೇ ತಡ, ಮಾವ ಬೆರಳೆತ್ತುತ್ತಿದ್ದರು. “ಮುಗಿದದ್ದು ಹೌದು. ಪರಿಸಮಾಪ್ತಿ ಆಗ್ಲಿಲ್ಲ.”

ಒಮ್ಮೆ ಪುತ್ತೂರಿನಲ್ಲಿ ಬಸ್ಸು ನಿಂತರೂ ಅವರು ಸೀಟು ಬಿಡಲಿಲ್ಲ.

“ಇಳೀರಿ ಮಾರಾಯ್ರೆ, ಪುತ್ತೂರು ಬಂತು!” ಎಂದ ಕಂಡಕ್ಟರ್.

“ಇಂಜಿನ್ ನಿಲ್ಲಲಿ. ಆಗ ಪ್ರಯಾಣ ಪರಿಸಮಾಪ್ತಿ.”

“ನಿಂತ್ರೆ ಮತ್ತೆ ಸ್ಟಾರ್ಟ್ ಆಗುದಿಲ್ಲ. ನೀವು ದೂಡ್ತೀರಾ?”

ಇಂಜಿನ್ ನಿಂತಿತು. ದೂಡಿದವರಲ್ಲಿ ಲಂಗ ಎತ್ತಿಕಟ್ಟಿದ ನಾನೂ ಒಬ್ಬಳು!

ಅದನ್ನಾದರೂ ಕ್ಷಮಿಸಬಹುದಿತ್ತು. ಕೋಡಿಂಬಾಳದಲ್ಲಿ ನನ್ನ ಮದುವೆಯ ದಿನ ಧಾರೆಯಾಯಿತು, ಊಟವಾಯಿತು. ಪಂಜದ ಗಂಡನ ಮನೆಗೆ ಕೊನೆಯ ಬಸ್ಸು ಹಿಡಿಯಬೇಕು. ನನ್ನನ್ನು ಒಪ್ಪಿಸಿಕೊಡಬೇಕಾದ ಮಾವನೇ ಇಲ್ಲ! ಹುಡುಕಿದರೆ ಅಡುಗೆ ಚಪ್ಪರದಲ್ಲಿ ಅಡುಗೆಯವರನ್ನು ಕೂರಿಸಿ ಬಡಿಸುತ್ತಿದ್ದಾರೆ.

“ಮಾವ, ಬಸ್ಸು!” ಎಂದು ಕೂಗಿದೆ.

“ಬೇಯಿಸಿದವರು ಉಣ್ಣದೆ ಮದುವೆ ಪರಿಸಮಾಪ್ತಿ ಆಗುದು ಹೇಗೆ ಮಗಾ?”

ಬಸ್ಸು ಹೋಯಿತು. ಹೆಂಚಿನ ಲಾರಿಯಲ್ಲಿ, ಬೈಹುಲ್ಲಿನ ಮೇಲೆ ಕೂತು ಗಂಡನ ಮನೆ ಸೇರಿದ ಮದುಮಗಳು ನಾನೊಬ್ಬಳೇ ಇರಬೇಕು! ತಲೆಯಲ್ಲಿ ಹುಲ್ಲು ಕಂಡು ಅತ್ತೆ ಕೇಳಿದ ಮಾತನ್ನು ಇಲ್ಲಿ ಬರೆಯಲಾರೆ. ನನ್ನ ಬಸ್ಸಿಗಿಂತ ಅಡುಗೆಯವರು ಹೆಚ್ಚಾದರೇ ಎಂದು ಮಾವನನ್ನು ಕೇಳಬೇಕೆಂದಿದ್ದೆ. ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡೆ, ಕೇಳಲಿಲ್ಲ.

ಹೋದ ತಿಂಗಳು ಮಾವ ತೀರಿಕೊಂಡರು. ಉತ್ತರಕ್ರಿಯೆಯ ಊಟವಾಗಿ ನೆಂಟರು ಹೊರಡುವಾಗ ಅಡುಗೆ ಚಪ್ಪರಕ್ಕೆ ಹೋದೆ. ನನ್ನ ಮದುವೆಗೆ ಬೇಯಿಸಿದ, ಈಗ ಮುದುಕರಾದ ಅಡುಗೆಯವರೊಬ್ಬರು ತಣ್ಣನೆಯ ಅನ್ನವನ್ನು ನಿಂತುಕೊಂಡೇ ಬಾಯಿಗೆ ಹಾಕುತ್ತಿದ್ದರು.

“ಕೂತು ಉಣ್ಣಬಾರದೇ?” ಎಂದೆ.

“ನಲವತ್ತು ವರ್ಷ ಆಯ್ತಕ್ಕ ಬೇಯಿಸ್ಲಿಕ್ಕೆ ಹಿಡಿದು. ನಮ್ಮನ್ನು ಕೂರಿಸಿ ಬಡಿಸಿದ್ದು ನಿಮ್ಮ ಮಾವ ಒಬ್ಬರೇ. ಇವತ್ತು ಅವರು ಇಲ್ಲ ಅಲ್ವಾ?”

ಹೊರಗಿನಿಂದ ನನ್ನವರ ಕೂಗು: “ಎಂತ ಮಾಡ್ತಿದ್ದೀ? ಎಲ್ಲ ಮುಗೀತಲ್ಲ? ಬಸ್ಸಿಗೆ ಹೊತ್ತಾಯ್ತು!”

“ಮುಗಿದದ್ದು ಹೌದು,” ಎಂದೆ. ಬಾಳೆಲೆ ಹಾಕಿ ಅಡುಗೆಯವರನ್ನೆಲ್ಲ ಕೂರಿಸಿ, ಪಾಯಸದ ಸೌಟು ಹಿಡಿದೆ.

ಕೊನೆಯ ಎಲೆ ಎತ್ತಿಯಾಯಿತು. ಈಗ ಆ ಪದ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ.

ಬಸ್ಸು ಆ ದಿನವೂ ಹೋಗಿತ್ತು.