ಬಸಳೆ ಫೇಲು, ತೆಂಗಿನೆಣ್ಣೆ ಪಾಸು

ಇಲ್ಲ, ನಾನು ಕಾಲೇಜು ಬಿಟ್ಟದ್ದಕ್ಕೂ ಅಪ್ಪನ ಎದೆನೋವಿಗೂ ಏನೂ ಸಂಬಂಧ ಇಲ್ಲ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಸರಿ. ಆದ್ರೆ ಬೆಳುವಾಯಿಯ ನಮ್ಮ ಮನೆಗೆ ಬಂದವರು ಮೊದಲು ಅಪ್ಪನ ಮುಖ, ಆಮೇಲೆ ನನ್ನ ಮುಖ ನೋಡ್ತಾರಲ್ಲ, ಅದಕ್ಕೆ ಹೇಳಿದ್ದು. ಅಪ್ಪನಿಗೆ ಸ್ಟೆಂಟ್ ಹಾಕಿ ಮನೆಗೆ ತಂದ ಮೇಲೆ ಊಟದ ವಿಷಯಕ್ಕೆ ಒಂದು ರಗಳೆ ನಡೆಯದ ವಾರ ಇಲ್ಲ.

ರಿಸಲ್ಟ್

ಮೂಡುಬಿದಿರೆಯ ಡಾಕ್ಟ್ರು ಹೇಳಿದ್ದು ಇಷ್ಟೇ: "ಎಣ್ಣೆ ಬಿಡಿ, ಸೊಪ್ಪು ತರಕಾರಿ ತಿನ್ನಿ. ಇನ್ನೊಮ್ಮೆ ಬ್ಲಾಕ್ ಆದ್ರೆ ಕಷ್ಟ ಉಂಟು."

ಅಪ್ಪನಿಗೆ ಅರ್ಥ ಆಗ್ಲಿ ಅಂತ ನಾನು ಮೊಬೈಲ್ ನೋಡಿ ಓದಿದೆ. "ನೂರು ಗ್ರಾಂ ಬಸಳೆಯಲ್ಲಿ ಕೊಬ್ಬು ಇಲ್ಲ ಅಂತಲೇ ಹೇಳ್ಬಹುದು. ನೂರು ಗ್ರಾಂ ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ನೂರೂ ಕೊಬ್ಬೇ."

ಅಪ್ಪ ಅಮ್ಮನ ಕಡೆ ತಿರುಗಿದ್ರು. "ಕೇಳಿದೆಯಾ? ಎಣ್ಣೆಗೆ ನೂರಕ್ಕೆ ನೂರು! ನಿನ್ನ ಮಗ ಯಾವುದರಲ್ಲಾದ್ರೂ ಅಷ್ಟು ತೆಗೆದದ್ದುಂಟಾ?"

ಸೆಕೆಂಡ್ ಒಪೀನಿಯನ್

ಡಾಕ್ಟ್ರ ಮಾತಿನ ಮೇಲೆ ಅಪ್ಪನಿಗೆ ಡೌಟು. ಇನ್ನೊಬ್ಬರನ್ನು ಕೇಳುವ ಅಂತ ಹೊರಟದ್ದು ಎಲ್ಲಿಗೆ? ವಾಮದಪದವಿನ ಎಣ್ಣೆ ಮಿಲ್ಲಿಗೆ.

ಜೊತೆಗೆ ಹೋದ ನಾನು ಮಿಲ್ಲಿನವರನ್ನು ಬಿಡ್ಲಿಲ್ಲ. "ಬಸಳೆಯಲ್ಲಿ ವಿಟಮಿನ್ ಉಂಟು, ನಾರು ಉಂಟು. ನಿಮ್ಮ ಎಣ್ಣೆಯಲ್ಲಿ ಏನುಂಟು?"

ಮಿಲ್ಲಿನವರು ಕೇಳಿದ್ರು, "ಬಸಳೆಯಲ್ಲಿ ಜಾಸ್ತಿ ಇರುವುದು ಎಂಥ?"

"ನೀರು."

"ನೋಡು ಮಾರಾಯ, ಅಷ್ಟು ನೀರು ನಾನು ಬೆರೆಸಿದ್ರೆ ಊರಿನವರು ನನ್ನನ್ನು ಬಿಡ್ತಾರಾ?"

ಅಪ್ಪ ಎರಡು ಲೀಟರ್ ತಕೊಂಡ್ರು.

ಪಥ್ಯ

ಆ ಎಣ್ಣೆಯನ್ನು ಅಮ್ಮ ಅದೇ ದಿನ ಪಕ್ಕದ ಮನೆಗೆ ಕೊಟ್ಟುಬಿಟ್ರು. ಮರುದಿನದಿಂದ ಒಗ್ಗರಣೆಯೂ ಬಂದ್. ಬರೇ ಬಸಳೆ. ನನಗೂ ಸಮಾಧಾನ ಆಯ್ತು.

ಒಂದು ದಿನ ಅಡುಗೆಮನೆಗೆ ಇಣುಕಿದೆ. ಅಮ್ಮ ಬಸಳೆಗೆ ಒಂದಿಡೀ ತೆಂಗಿನಕಾಯಿ ತುರಿದು ಮಿಕ್ಸಿಗೆ ಹಾಕ್ತಾ ಇದ್ರು.

"ಅಮ್ಮ, ಇಷ್ಟು ಕಾಯಿಯಾ?"

"ಮತ್ತೆ? ಒಗ್ಗರಣೆ ಇಲ್ಲ. ಪಾಪ, ಅವರಿಗೆ ಊಟ ಸೇರುವುದು ಬೇಡ್ವಾ?"

"ಎಣ್ಣೆ ಬರುವುದು ಇದರಿಂದಲೇ ಅಲ್ವಾ?"

"ಅದು ಮಿಲ್ಲಿಗೆ ಹೋದ ಮೇಲೆ. ನೀನು ಆಚೆ ಹೋಗು."

ಕೊಬ್ಬು ಹತ್ತಿದ್ದು

ಮೊನ್ನೆ ರಕ್ತಪರೀಕ್ಷೆಯ ರಿಪೋರ್ಟ್ ಹಿಡ್ಕೊಂಡು ಮೂವರೂ ಡಾಕ್ಟ್ರ ಹತ್ರ ಹೋದೆವು. ಕೊಬ್ಬು ಮೊದಲಿಗಿಂತ ಜಾಸ್ತಿ. ಡಾಕ್ಟ್ರು ಅಪ್ಪನನ್ನು ಕೇಳಿದ್ರು,

"ಎಣ್ಣೆ ಬಿಡ್ಲಿಲ್ವಾ?"

"ಒಂದು ಹನಿ ಮುಟ್ಟಲಿಲ್ಲ ಡಾಕ್ಟ್ರೇ. ಬರೇ ಬಸಳೆ," ಅಪ್ಪ ಹುತಾತ್ಮರ ಹಾಗೆ ಹೇಳಿದ್ರು.

"ಕಾಯಿ ಎಷ್ಟು ಹಾಕ್ತಾರೆ ಕೇಳಿ," ಅಂದೆ ನಾನು.

ಅಮ್ಮ ಹೆಮ್ಮೆಯಿಂದಲೇ ಹೇಳಿದ್ರು, "ಬಸಳೆಗೆ ಒಂದು, ಪಲ್ಯಕ್ಕೆ ಅರ್ಧ. ಕಮ್ಮಿ ಮಾಡ್ಲಿಲ್ಲ ಡಾಕ್ಟ್ರೇ."

ಡಾಕ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ್ರು. "ಇವತ್ತಿಂದ ಕಾಯಿಯೂ ಬೇಡ. ಜೀವ ಬೇಕಾದ್ರೆ ಬಸಳೆ ಬೇಯಿಸಿ, ಚೂರು ಉಪ್ಪು ಹಾಕಿ ತಿನ್ನಿ."

ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೀಬೇಕು. ನಿಧಾನ ಎದ್ದರು.

"ನಮ್ಮ ಹಟ್ಟಿಯ ದನಕ್ಕೆ ಕೂಡ ಹುಲ್ಲಿನೊಟ್ಟಿಗೆ ತೆಂಗಿನ ಹಿಂಡಿ ಹಾಕ್ತೇವೆ ಡಾಕ್ಟ್ರೇ," ಅಂತ ಹೇಳಿ ಬಾಗಿಲು ಎಳೆದುಕೊಂಡು ಹೊರಗೆ ಹೋದ್ರು.