ಕವ್ವಾಲಿಗೆ ಒಬ್ಬ ಅತ್ತೆ ಬೇಕಾಗಿದ್ದಾರೆ

ನಮ್ಮ ಮನೆಯಲ್ಲಿ ಹೊಸ ಕೆಲಸ ಯಾವುದೂ ಸುಮ್ಮನೆ ಮುಗಿದದ್ದು ನಾನು ಕಂಡಿಲ್ಲ. ಅದಕ್ಕೆ ಕೈ ಹಾಕಿದವಳು ನಾನೇ ಆಗಿದ್ದರಂತೂ ನೋಡಿ ನಗುವವರಿಗೆ ವಾರವಿಡೀ ಪುರುಸೊತ್ತಿಲ್ಲ.

ನಾನು ಓದಿದ್ದು ಹತ್ತನೇ ತನಕ. ಹಾಡು ಬರೆಯಲು ಅಷ್ಟು ಸಾಕು, ಹೆಚ್ಚು ಓದಿದ್ದರೆ ಬರೀ ಅರ್ಜಿ ಬರೆಯುತ್ತಿದ್ದೆ. ತವರು ಚಿತ್ತಾಪುರದ ಕಡೆ, ಗಂಡನ ಮನೆ ವಾಡಿ. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿದ್ದಾರೆ. ಮದುವೆ ಮನೆಗಳಲ್ಲಿ ಸೋಬಾನ ಹಾಡುವುದರಲ್ಲಿ ನಮ್ಮ ಅತ್ತೆ ಮೊದಲಿನಿಂದಲೂ ಹೆಸರು ಮಾಡಿದವರು. ನಾನು ಬರೆದು, ಇಬ್ಬರೂ ಕೂಡಿ ಹಾಡಿದ ಎರಡು ಆಲ್ಬಮ್‌ಗಳು ಸೇಡಂನಿಂದ ಚಿಂಚೋಳಿವರೆಗೆ ಅರಿಷಿಣದ ದಿನ ಸ್ಪೀಕರಿನಲ್ಲಿ ಕೇಳುತ್ತವೆ. ಎರಡರ ಧಾಟಿಯೂ ಒಂದೇ. ಮಗಳು ಹೊಟ್ಟೆಯಲ್ಲಿದ್ದಾಗ ಹಾಡಿದ್ದನ್ನೇ ಅವಳು ಎಲ್‌ಕೆಜಿಗೆ ಹೋದಾಗಲೂ ಹಾಡುತ್ತಿದ್ದೆ. ಮದುಮಗಳು ಬದಲಾಗುತ್ತಿದ್ದಳು, ನಾನು ಬದಲಾಗುತ್ತಿರಲಿಲ್ಲ.

ಒಂದು ದಿನ ಶಹಾಬಾದದ ಉರುಸಿನಲ್ಲಿ ಕವ್ವಾಲಿ ಕೇಳಿದೆ. ಒಂದೇ ಸಾಲನ್ನು ಆರು ಸಲ ಹಾಡಿದರು, ಆರು ಸಲವೂ ಅದು ಬೇರೆಯಾಗಿತ್ತು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ರೊಟ್ಟಿ ಬಡಿಯುವ ಕೈ ತಾಳ ಬದಲಿಸಿತು. ಮೂರನೇ ಆಲ್ಬಮ್ ಕನ್ನಡ ಕವ್ವಾಲಿ, ಐದು ಹಾಡು, ಎಲ್ಲವೂ ನನ್ನ ಸಂಸಾರದ ಮೇಲೆ ಎಂದು ಮನೆಯಲ್ಲಿ ಸಾರಿಬಿಟ್ಟೆ.

ಹಾರ್ಮೋನಿಯಂಗೆ ಶಹಾಬಾದದ ಚಾಚಾ ಸಿಕ್ಕರು. ಉರುಸುಗಳಲ್ಲಿ ನುಡಿಸಿ ತಲೆ ಹಣ್ಣಾದವರು. ಆದರೆ ತಿಂಗಳ ಕೊನೆಗೆ ಅವರು ಹೈದರಾಬಾದಿನ ಮಗಳ ಮನೆಗೆ ಹೊರಟಿದ್ದರು, ವಾಪಸು ಬರುವ ಖಾತ್ರಿ ಇರಲಿಲ್ಲ. ಅಷ್ಟರೊಳಗೆ ಐದೂ ಮುಗಿಯಬೇಕು, ಇಲ್ಲವಾದರೆ ನನಗೆ ಮತ್ತೆ ಅದೇ ಸೋಬಾನ. ಇನ್ನೊಂದು ತೊಡಕೂ ಇತ್ತು. ಐದನೆಯದು ಅತ್ತೆ ಸೊಸೆಯ ಸವಾಲ್ ಜವಾಬ್. ಸೊಸೆ ನಾನಿದ್ದೆ, ಅತ್ತೆಯನ್ನು ಎಲ್ಲಿಂದ ತರುವುದು? ಮನೆಯಲ್ಲೇ ಇದ್ದ ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದರು: "ನಾ ಕೂಸಿನ್ನ ಹಿಡ್ಕೊಂಡು ಕುಂದರ್ತೀನಿ. ಬಾಯಿ ಮಾತ್ರ ತೆರಿಯಂಗಿಲ್ಲ."

ಗಲ್ಲ ಬಡಿದುಕೊಂಡ ವೈನಿ

ಹಿಮ್ಮೇಳಕ್ಕೆ ಪಕ್ಕದ ಕ್ವಾರ್ಟರ್ಸಿನವರನ್ನು ಹಿಡಿದೆ, ನಾನು ಅವರನ್ನು ವೈನಿ ಅಂದರೆ ಅತ್ತಿಗೆ ಎಂದೇ ಕರೆಯುವುದು. ಅವರ ಯಜಮಾನರು ಗೂಡ್ಸ್ ಗಾಡಿಯ ಗಾರ್ಡ್. ವೈನಿ ಹತ್ತಾರು ವರ್ಷದಿಂದ ಭಜನೆಗೆ ಹೋಗುವವರು, ಕೈಯಲ್ಲಿ ತಾಳ ಇದೆ. ಆದರೆ ಆ ಕೈಗೆ ಒಂದು ರೂಢಿಯೂ ಇದೆ.

ಮೊದಲ ಹಾಡು ಗ್ಯಾಸ್ ಸಿಲಿಂಡರಿನ ಮೇಲೆ. ಚಾಚಾನ ಮನೆಯ ಫರಸಿ ಕಲ್ಲಿನ ನೆಲದ ಮೇಲೆ ಕೂತು ತಾಲೀಮು ಶುರು ಮಾಡಿದೆವು. ವೈನಿ ಚಪ್ಪಾಳೆ ಚೆನ್ನಾಗಿಯೇ ತಟ್ಟಿದರು. ನುಡಿ ಮುಗಿದ ಕೂಡಲೇ ಕಣ್ಣು ಮುಚ್ಚಿ, ಕೈ ಮುಗಿದು, ಗಲ್ಲಗಲ್ಲ ಬಡಿದುಕೊಂಡರು. ಎರಡನೇ ನುಡಿಗೂ ಅದೇ. ಮೂರನೆಯದಕ್ಕೆ ತಲೆಯ ಮೇಲೆ ಸೆರಗೂ ಬಂತು. ಚಾಚಾ ಹಾರ್ಮೋನಿಯಂ ಪೆಟ್ಟಿಗೆ ನಿಲ್ಲಿಸಿ, ಇದು ದೇವರ ಹಾಡಲ್ಲ, ಸಿಲಿಂಡರಿನದು ಎಂದು ಮೆಲ್ಲಗೆ ತಿಳಿಸಿದರು.

ವೈನಿ ಕಣ್ಣು ತೆರೆಯಲೇ ಇಲ್ಲ. "ಹಾದಿ ಕಾಯ್ದು ಕಾಯ್ದು ಸಾಕಾದ ಮ್ಯಾಲ ಬರ್ತದ. ಬಂದ ದಿನ ಮನಿ ಮಂದಿ ಎಲ್ಲಾ ಬಾಗಲಿಗಿ ಓಡ್ತೀವಿ. ಮತ್ತ ದೇವ್ರು ಅಂದ್ರ ಇನ್ನ ಹ್ಯಾಂಗಿರ್ತಾನ್ರಿ?"

ಚಾಚಾ ಮತ್ತೆ ಪೆಟ್ಟಿಗೆಗೆ ಕೈ ಹಾಕಿ, ನಾಲ್ಕನೇ ನುಡಿಗೆ ತಾವೂ ಕಣ್ಣು ಮುಚ್ಚಿದರು.

ಗಾಡಿಯ ಸುರ

ರೆಕಾರ್ಡಿಂಗ್ ಮಾಡುವ ಕೋಣೆ ಇರುವುದು ನಮ್ಮ ವಾಡಿಯಲ್ಲೇ, ಹಳಿಯ ಬಾಜೂಕೆ. ಗೋಡೆಗೆಲ್ಲ ಹಾಸಿಗೆ ಬಡಿದಿದ್ದಾರೆ. ಜಂಕ್ಷನ್ನಿನ ಗಾಡಿಗಳಿಗೆ ಹಾಸಿಗೆ ಯಾವ ಲೆಕ್ಕ? ಅಲ್ಲಿ ಹಾಡುವವರು ರಾಗಕ್ಕಿಂತ ಮೊದಲು ಗಾಡಿಯ ವೇಳೆ ಕಲಿಯಬೇಕು. ಪ್ಯಾಸೆಂಜರ್ ಹೋದ ಮೇಲೆ ಪಲ್ಲವಿ, ಎಕ್ಸ್‌ಪ್ರೆಸ್ ಹೋದ ಮೇಲೆ ಮೊದಲ ನುಡಿ.

ಗೂಡ್ಸ್ ಗಾಡಿಗೆ ಮಾತ್ರ ವೇಳೆ ಇಲ್ಲ. ಎರಡನೇ ಹಾಡಿನ ನಡುವೆ ಒಂದು ಬಂತು, ಉದ್ದಕ್ಕೆ ಹಾರ್ನ್ ಹೊಡೆಯಿತು. ನಾನು ಹಾಡು ನಿಲ್ಲಿಸಿ ಗಾಡಿಗೆ ಬೈಯುತ್ತಾ ತಿರುಗಿದರೆ ವೈನಿ ಜಾಗದಲ್ಲಿಲ್ಲ. ಬಾಗಿಲು ತೆಗೆದು ಹೊರಗೆ ನಿಂತಿದ್ದಾರೆ. ಕೊನೇ ಡಬ್ಬಿಯಲ್ಲಿ ಅವರ ಯಜಮಾನರು ಹೋಗುತ್ತಾರೆ, ಮುಖ ನೋಡಿ ಬರುತ್ತೇನೆ ಎಂದರು. ಡಬ್ಬಿಗಳೆಲ್ಲ ಹೋದವು, ಕೊನೆಗೆ ಬಿಳಿ ಅಂಗಿಯವರೊಬ್ಬರು ಕೈ ಬೀಸಿದರು, ವೈನಿಯೂ ಬೀಸಿದರು. ವೈನಿ ಒಳಗೆ ಬಂದು ಅವರಲ್ಲ, ಬೇರೆ ಯಾರೋ ಎಂದರು. ಹಾಗಾದರೆ ನೀವ್ಯಾಕೆ ಅಷ್ಟು ಹೊತ್ತು ಕೈ ಬೀಸಿದಿರಿ ಎಂದರೆ, ಪಾಪ ಅವರ ಮನೆಯವರು ದೂರ ಇರುತ್ತಾರೇನೋ ಎಂದರು.

ನಾಲ್ಕು ಸಲ ಹಾಡಿದೆವು, ನಾಲ್ಕು ಸಲವೂ ಅದೇ ಜಾಗಕ್ಕೆ ಯಾವುದೋ ಗಾಡಿಯ ಹಾರ್ನ್ ಬಂತು. ನನಗೆ ತಲೆ ಕೆಟ್ಟಿತು. ಚಾಚಾ ಮಾತ್ರ ಪೆಟ್ಟಿಗೆಯ ಮೇಲೆ ಕಿವಿ ಇಟ್ಟು ಏನೋ ಹುಡುಕುತ್ತಿದ್ದರು. ಕಡೆಗೆ ಪೆಟ್ಟಿಗೆಯ ಒಂದು ಮನೆಯನ್ನು ಬೆರಳಿನಿಂದ ಒತ್ತಿ ಹಿಡಿದರು, ಹಾರ್ನಿನದೇ ಸುರ.

"ಗಾಡಿ ತನ್ನ ಸುರ್ ಬದ್ಲಿ ಮಾಡಂಗಿಲ್ಲ ಬೇಟಾ, ಸರ್ಕಾರದ್ದದ. ನೀನೇ ಮಾಡು."

ಎರಡನೇ ಹಾಡಿನಲ್ಲಿ ನಡುವೆ ಬರುವ ಶಹನಾಯಿ ಭಾಳ ಚಂದ ಎಂದು ಈಗ ಮಂದಿ ಹೊಗಳುತ್ತಾರೆ. ನಾನು ಥ್ಯಾಂಕ್ಸ್ ಹೇಳುತ್ತೇನೆ, ಊದಿದ್ದು ಗೂಡ್ಸ್ ಗಾಡಿ ಎನ್ನುವುದಿಲ್ಲ.

ಫೋಲ್ಡರ್ ಇಲ್ಲದ ಹಾಡು

ಮೂರನೇ ಹಾಡು ಮಗಳ ಹೋಮ್‌ವರ್ಕಿನದು. ಅದು ಆದ ಮೇಲೆ ನನಗೆ ತಡೆಯಲಾಗಲಿಲ್ಲ, ಚಿಂಚೋಳಿ ಪಕ್ಕದ ಚಂದಾಪುರಕ್ಕೆ ಬಸ್ ಹತ್ತಿದೆ. ಅಲ್ಲಿನ ಮೊಬೈಲ್ ಅಂಗಡಿಯೊಂದರಲ್ಲಿ ಮಂದಿಗೆ ಪೆನ್‌ಡ್ರೈವಿನಲ್ಲಿ ಹಾಡು ತುಂಬಿಕೊಡುತ್ತಾರೆ. ಸೋಬಾನದ ನನ್ನ ಎರಡೂ ಆಲ್ಬಮ್ ಅಲ್ಲಿಂದಲೇ ಊರೂರಿಗೆ ಹೋದದ್ದು.

ಅಂಗಡಿಯವರು ಹಾಡನ್ನು ಪೂರ್ತಿ ಕೇಳಿದರು. ಮತ್ತೊಮ್ಮೆ ಕೇಳಿದರು. ಆಮೇಲೆ ಡಾಕ್ಟರು ಕೇಳುವ ಹಾಗೆ ಕೇಳಿದರು: "ಇದಕ್ಕ ಅಳಬೇಕೋ, ಕುಣೀಬೇಕೋ, ಕೈ ಮುಗೀಬೇಕೋ ಹೇಳ್ರಿ ಅಕ್ಕೋರ. ನನ್ನ ಹಂತ್ಯಾಕ ಮೂರೇ ಫೋಲ್ಡರ್ ಅವ."

ಮೂರೂ ಅಲ್ಲ, ಇದರಲ್ಲಿ ತಾಯಿ ಬೈಯುತ್ತಾಳೆ ಎಂದೆ. ಮೊದಲು ಮಗಳಿಗೆ, ಆಮೇಲೆ ಟೀಚರಿಗೆ, ಕೊನೆಗೆ ಏನೂ ಗೊತ್ತಿಲ್ಲದ ಹಾಗೆ ಟಿವಿ ನೋಡುತ್ತಾ ಕೂತ ಗಂಡನಿಗೆ. ಅವರು ಹೊಸ ಫೋಲ್ಡರ್ ತೆರೆದು ಅದಕ್ಕೆ 'ಬೈಗಳ' ಎಂದು ಹೆಸರಿಟ್ಟರು. ನನ್ನ ಹೊಸ ಸಂಗೀತಕ್ಕೆ ಸಿಕ್ಕ ಮೊದಲ ಬಿರುದು ಅದು.

ಮುಂದಿನ ವಾರ ಅವರದೇ ಫೋನು. ಉಳಿದ ಹಾಡು ಲಗೂ ಮುಗಿಸಿರಿ ಎಂದರು. "ಹೆಣ್ಮಕ್ಕಳು ಬಂದು ಬಂದು ಕೇಳ್ಲಿಕತ್ಯಾರ. ಫೋಲ್ಡರಿನಾಗ ಒಂದೇ ಅದ ಅಂದ್ರ, ಬಾಕಿದ್ದು ನನಗೇ ಬೈದು ಹೋಗ್ಲಿಕತ್ಯಾರ."

ಸೇಡಂನ ಬೀಗಿತ್ತಿ

ನಾಲ್ಕನೇ ಹಾಡಿನಲ್ಲಿ ಹೊಸ ಸೊಸೆ ಒಂದೇ ಮಾತು ಕೇಳುತ್ತಾಳೆ: ಎಲ್ಲರಿಗೂ ಬಡಿಸಿದ ಮೇಲೆ ನಾನು ಕೂತು ಉಣ್ಣುವುದು ಯಾವಾಗ? ಕವ್ವಾಲಿಯಲ್ಲವೇ, ಆ ಸಾಲನ್ನು ಆರು ಸಲ ಹಾಡಬೇಕು, ಪ್ರತಿ ಸಲ ಇನ್ನೊಂದಿಷ್ಟು ಮೇಲೆ.

ಸೇಡಂನ ಮದುವೆಯೊಂದರಲ್ಲಿ ಸೋಬಾನಕ್ಕೆ ಕರೆದಿದ್ದರು. ಅತ್ತೆಯೂ ವೈನಿಯೂ ಬಂದಿದ್ದರು. ಎರಡು ಸೋಬಾನ ಹಾಡುವಷ್ಟರಲ್ಲಿ ನನ್ನ ಕಾಲು ತಾನೇ ಕುಣಿಯತೊಡಗಿತು, ವೈನಿಗೆ ಸನ್ನೆ ಮಾಡಿ ಹೊಸದನ್ನು ಎತ್ತಿಕೊಂಡೆ. ಎದುರಿಗೆ ಗಂಡಿನ ತಾಯಿ ಕೂತಿದ್ದರು. ಮೊದಲ ಸಲ ಕೇಳಿ ನಕ್ಕರು. ಎರಡನೇ ಸಲ ಪಕ್ಕದವರ ಮುಖ ನೋಡಿದರು. ಮೂರನೇ ಸಲಕ್ಕೆ, ನಮ್ಮ ಮನೆಯಲ್ಲಿ ಹಾಗೇನಿಲ್ಲ, ಎಲ್ಲರೂ ಕೂಡಿಯೇ ಉಣ್ಣುತ್ತೇವೆ ಎಂದರು. ನಾನು ನಾಲ್ಕನೇ ಸಲ ಹಾಡಿದೆ. ಅವರು ಎದ್ದು ನಿಂತರು.

"ಎಷ್ಟ್ ಸಲ ಕೇಳ್ತೀ ಬೇ? ಅಕಿನೇ ಮೊದಲ ಉಣ್ಲಿ. ನಾ ಬಡಸ್ತೀನಿ. ಆತಿಲ್ಲೋ?"

ಇನ್ನೂ ಎರಡು ಸಲ ಬಾಕಿ ಇತ್ತು. ಹಾಡು ನಡುವೆ ನಿಲ್ಲಿಸಲು ಬರುವುದಿಲ್ಲ, ಹಾಡಿದೆ. ಅವರು ಪ್ರತಿ ಸಲವೂ ಒಪ್ಪಿಕೊಂಡರು, ಕೊನೇ ಸಲ ದೇವರ ಆಣೆಯನ್ನೂ ಹಾಕಿದರು. ಅಷ್ಟರಲ್ಲಿ ಹೆಣ್ಣಿನ ಅಜ್ಜಿ ನನ್ನ ಹತ್ತಿರ ಸರಿದು ಬಂದು, ಬಟ್ಟೆ ಒಗೆಯುವ ಮಷೀನಿನ ಮೇಲೂ ಒಂದು ಹಾಡು ಇದೆಯೇ ಎಂದು ಕಿವಿಯಲ್ಲಿ ಕೇಳಿದರು.

ಜವಾಬು

ಸೇಡಂನಿಂದ ಬಂದ ಮೇಲೆ ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಗಂಡಿನ ತಾಯಿ ಅವರ ಪರಿಚಯದವರೇ ಆಗಿದ್ದರು. ಮೂರನೇ ದಿನ ಮಾತಾಡಿದ್ದು ಇಷ್ಟೇ: ಚಾಚಾ ಹೋಗಲಿ, ಆಮೇಲೆ ಸೋಬಾನ ಹಾಡಿಕೊಂಡು ನೆಟ್ಟಗಿರು.

ಐದನೆಯದು ಮಾತ್ರ ಬಾಕಿ, ಚಾಚಾ ಹೊರಡಲು ಒಂದೇ ದಿನ ಉಳಿದಿತ್ತು. ಬೇರೆ ದಾರಿ ಕಾಣದೆ ವೈನಿಗೆ ಅತ್ತೆಯ ಪಾಲು ಹಾಡಲು ಹೇಳಿದೆ. ಅತ್ತೆ ಎಂದಿನಂತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ರೆಕಾರ್ಡಿಂಗ್ ಕೋಣೆಯ ಮೂಲೆಯಲ್ಲಿದ್ದರು. ನಾನು ಸವಾಲು ಹಾಕಿದೆ: ನಾನು ಮಾಡಿದ ಪಲ್ಯಕ್ಕೆ ಒಮ್ಮೆ ಉಪ್ಪು ಕಡಿಮೆ, ಒಮ್ಮೆ ಹೆಚ್ಚು ಅನ್ನುತ್ತೀರಿ, ಸರಿಯಾದದ್ದು ಯಾವಾಗ? ವೈನಿ ಕರಗಿಹೋದರು. ಪಲ್ಯ ಸರಿಯಾಗೇ ಇತ್ತು, ನನ್ನ ನಾಲಿಗೆಯೇ ಕೆಟ್ಟಿತ್ತು, ತಪ್ಪಾಯಿತು ತಾಯಿ ಎಂದು ಹಾಡಿ ನನ್ನ ಕಾಲು ಮುಟ್ಟಲು ಬಗ್ಗಿದರು.

ಮೂಲೆಯಿಂದ ಒಂದು ದನಿ ಬಂತು: "ಯಾವ ಅತ್ತಿ ಹಿಂಗಂತಾಳ?"

ಚಾಚಾ ಪೆಟ್ಟಿಗೆ ನಿಲ್ಲಿಸಲಿಲ್ಲ. ನಾನು ಅದೇ ಸವಾಲನ್ನು ಮತ್ತೆ ಹಾಕಿದೆ, ಇನ್ನೊಂದಿಷ್ಟು ಮೇಲೆ. ಅತ್ತೆ ಮೊಮ್ಮಗಳನ್ನು ವೈನಿಯ ತೊಡೆಗೆ ದಾಟಿಸಿ ಮೈಕಿಗೆ ಬಂದರು. ಉಪ್ಪು ಹಾಕುವಾಗ ಸೊಸೆ ಕೈಯಲ್ಲಿ ಮೊಬೈಲ್ ಹಿಡಿದಿದ್ದರೆ ತಪ್ಪು ಉಪ್ಪಿನದೋ ಅವಳದೋ ಎಂದು ಹಾಡಿದರು. ನಾನು ಬರೆದ ಸಾಲಲ್ಲ ಅದು, ಅದಕ್ಕಿಂತ ಚೆನ್ನಾಗಿತ್ತು. ನಾನು ಇನ್ನೊಂದು ಕೇಳಿದೆ, ಅವರು ಇನ್ನೊಂದು ಹೇಳಿದರು. ಹಾಳೆಯಲ್ಲಿದ್ದ ಸವಾಲು ಮುಗಿದವು, ಅವರ ಜವಾಬು ಮುಗಿಯಲಿಲ್ಲ.

ಸೋಲುವುದು ಖಾತ್ರಿಯಾದಾಗ ನಾನು ಕೊನೇ ಬಾಣ ಬಿಟ್ಟೆ. ಇಷ್ಟೆಲ್ಲ ಮಾತಾಡುವವರು ನಿಮ್ಮ ಗಂಡನ ಹೆಸರು ಹೇಳಿ ನೋಡೋಣ ಎಂದು ಹಾಡಿದೆ. ಮಾವನನ್ನು ಅತ್ತೆ ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. "ಏನ್ರಿ", "ಕೇಳ್ಲಿಕತ್ತೀರಿಲ್ಲೋ", ಅಷ್ಟರಲ್ಲೇ ಸಂಸಾರ ದಾಟಿದವರು. ನಮ್ಮ ಕಡೆ ಗಂಡನ ಹೆಸರು ಹೇಳುವುದಾದರೆ ಒಡಪು ಕಟ್ಟಿ, ಪ್ರಾಸದಲ್ಲಿ ಮುಚ್ಚಿಟ್ಟು ಹೇಳಬೇಕು. ಅದನ್ನೂ ಅವರು ಮದುವೆಯ ದಿನ ಹೇಳಿದ್ದೇ ಕೊನೆ.

ಅತ್ತೆ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಗೆದ್ದೆ ಅಂದುಕೊಂಡೆ. ಆಗ ಅವರ ಕೈ ಎದ್ದಿತು. ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ ಎಲ್ಲವನ್ನೂ ಕವ್ವಾಲಿಯ ತಾಳಕ್ಕೆ ಕೂರಿಸಿ ಒಡಪು ಕಟ್ಟುತ್ತಾ ಹೋದರು. ಕೊನೆಗೆ ಕೋಣೆ ನಡುಗುವ ಹಾಗೆ ಚಪ್ಪಾಳೆ ತಟ್ಟಿ ಮಾವನ ಹೆಸರನ್ನು ಗಂಟಲು ಬಿಚ್ಚಿ ಹಾಡಿದರು. ಒಂದು ಸಲವಲ್ಲ, ಆರು ಸಲ, ಪ್ರತಿ ಸಲ ಇನ್ನೊಂದಿಷ್ಟು ಮೇಲೆ. ಆ ಹೆಸರನ್ನು ನಾನಿಲ್ಲಿ ಬರೆಯಲಾರೆ. ಮಾವನ ಹೆಸರು ಸೊಸೆ ಹೇಳಬಾರದು.

ನಮ್ಮನ್ನು ಊಟಕ್ಕೆ ಕರೆಯಲು ಬಂದಿದ್ದ ಮಾವ ಆಗಲೇ ಹೊರಗೆ ಚಪ್ಪಲಿ ಬಿಡುತ್ತಿದ್ದರಂತೆ. ಆರನೇ ಸಲಕ್ಕೆ ಬಾಗಿಲು ದೂಡಿಕೊಂಡು ಒಳಗೆ ಬಂದರು. ಒಂದು ಕಾಲಲ್ಲಿ ಚಪ್ಪಲಿ ಇನ್ನೂ ಇತ್ತು. ಮೈಕು ಚಾಲೂ ಇತ್ತು.

"ಬಂದೆ, ಬಂದೆ. ಯಾರಿಗೇನಾತು?"

ಆಲ್ಬಮ್ ಮುಗಿಯುವುದು ಆ ದನಿಯಲ್ಲೇ. ಅದನ್ನು ತೆಗೆದುಬಿಡೋಣ ಎಂದು ನಾನು ಹೇಳಿದ್ದೆ. ಅತ್ತೆ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಕರೆದ ಕೂಡಲೇ ಬಂದದ್ದು ಅದೊಂದೇ ಸಲ, ದಾಖಲೆ ಇರಲಿ ಅಂದರು.