ಹುರುಳಿಕಾಳಿನ ವೈಂಡಿಂಗು

ಆತಿಯಾ: ಅಬ್ಬಾ, ಆ ಬ್ರಶ್ಶು ಕೆಳಗಿಡಿ! ಮೊದ್ಲು ಕೆಳಗಿಡಿ, ಆಮೇಲೆ ಮಾತು!

ಇಮಾಮ್: ಇಡ್ತೀನಿ ತಡಿ ಬೇಟಾ, ವಾರ್ನಿಷ್ ತೊಟ್ಟಿಕ್ತೈತೆ. ಏನಾಯ್ತೀಗ?

ಆತಿಯಾ: ಏನಾಯ್ತಾ? ನಿನ್ನೆ ಕೊಟ್ಟಾಗ ಮುದ್ದೆ ಥರ ಉಂಡೆಯಾಗಿತ್ತು. ಈಗ ನೋಡಿದ್ರೆ ಬಟ್ಟೆ ಒಣಗಾಕೋ ತಂತಿ ಥರ ಆಗೈತೆ! ಯಾರು ಬಿಚ್ಚಿದ್ದು?

ಇಮಾಮ್: ನಾನೇ. ಒಳಗೆಲ್ಲ ತಂತಿ ತಂತಿಗೆ ತಾಗ್ಕೊಂಡಿತ್ತು ಕಣಮ್ಮ. ಒಂದ್ ಕಡೆ ಅಲ್ಲ, ಮೂವತ್ತು ನಲವತ್ತು ಕಡೆ! ಒಂದೇ ಕಡೆ ತಾಗುದ್ರೂ ಸುಟ್ಟೋಯ್ತದೆ. ರಾತ್ರೆ ಕುಂತು ಒಂದೊಂದೇ ಬುಡಿಸಿ, ತಂತಿಗೆ ಪ್ಲಾಸ್ಟಿಕ್ ಸ್ಲೀವ್ ತೊಡಿಸಿ...

ಆತಿಯಾ: ಸುಟ್ಟೋಗಕ್ಕೆ ಅದೇನು ಮೋಟ್ರಾ? ಪ್ರೋಟೀನು ಅಬ್ಬಾ, ಪ್ರೋಟೀನು!

ಪಾಂಡವಪುರದಲ್ಲಿ ಮೂವತ್ತು ವರ್ಷದಿಂದ ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿರುವ ಇಮಾಮ್ ಸಾಬರಿಗೆ ಜಗತ್ತಿನಲ್ಲಿ ಒಂದೇ ಒಂದು ಮಹಾಪಾಪ ಗೊತ್ತು: ತಂತಿಗೆ ತಂತಿ ತಾಗುವುದು. ಮಗಳು ಆತಿಯಾ ಮೈಸೂರಿನಲ್ಲಿ ಎಂಎಸ್ಸಿ ಓದುತ್ತಾಳೆ. ಹುರುಳಿಕಾಳಿನ ಒಂದು ಪ್ರೋಟೀನಿನ ಆಕಾರವನ್ನು ತಂತಿ, ಮಣಿಗಳಲ್ಲಿ ಎಂಟು ದಿನ ಕೂತು ಮಾಡಿದ್ದಳು. ಅದಕ್ಕೊಂದು ಸ್ಟ್ಯಾಂಡು ಬೆಸೆದುಕೊಡಿ ಎಂದು ಹಿಂದಿನ ದಿನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದಳು. ಬಿಟ್ಟಿದ್ದೇ ತಪ್ಪು. ಸಾಬರು ಸ್ಟ್ಯಾಂಡೂ ಬೆಸೆದರು, ಜೊತೆಗೆ ಮಗಳ ತಪ್ಪನ್ನೂ ತಿದ್ದಿದರು.

ಮೂಲೆಯ ಸ್ಟೂಲಿನ ಮೇಲೆ ಚಿನಕುರಳಿಯ ನಂಜಪ್ಪ ಕೂತಿದ್ದ. ಬಿಚ್ಚಿ ಬಿದ್ದಿದ್ದ ಅವನ ಮೋಟಾರು ಅವನ ಕಾಲ ಬುಡದಲ್ಲೇ ಇತ್ತು. ಗಿರಾಕಿಯ ಎದುರು ಉರ್ದುವಿನಲ್ಲಿ ಮಾತಾಡಿದರೆ ಅವನಿಗೆ ಇಲ್ಲದ ಅನುಮಾನ ಹುಟ್ಟುತ್ತದೆಂದು ಅಂಗಡಿಯೊಳಗೆ ಅಪ್ಪ ಮಗಳ ಜಗಳವೂ ಕನ್ನಡದಲ್ಲೇ ನಡೆಯಬೇಕೆಂಬುದು ಸಾಬರ ಕಾನೂನು. ಅದರಿಂದ ನಂಜಪ್ಪನಿಗೆ ಪುಕ್ಕಟೆ ನಾಟಕ.

ನಂಜಪ್ಪ: ಇದು ಎಷ್ಟು ಎಚ್ಪಿದು ಸಾಬ್ರೆ?

ಆತಿಯಾ: ಎಚ್ಪಿ ಇಲ್ಲ ಕಣಣ್ಣ. ಇದು ದಾರ ಅಂದ್ಕೊ. ಇದ್ರಲ್ಲಿ ಎಪ್ಪತ್ತಾರು ಮಣಿ. ಒಂದೊಂದು ಮಣೀನೂ ಒಂದೊಂದು ಅಮೈನೋ ಆಸಿಡ್ಡು. ದಾರ ಉದ್ದಕ್ಕೇ ಬಿದ್ದಿರಲ್ಲ, ಮಡಚ್ಕೊಂಡು ಉಂಡೆ ಆಗ್ತದೆ. ಆಗ ಎಲ್ಲೋ ಇದ್ದ ಎಂಟನೇ ಮಣಿ ಎಲ್ಲೋ ಇದ್ದ ನಲವತ್ತನೇ ಮಣಿ ಹತ್ರ ಬರ್ತದೆ. ಇದ್ರಲ್ಲಿ ಎರಡು ಬೆರಳಗಲದೊಳಗೆ ಬಂದ್ರೆ ಅವೆರಡಕ್ಕೂ ನಂಟು ಅಂತ ಲೆಕ್ಕ. ಯಾವುದಕ್ಕೆ ಯಾವುದು ನಂಟು ಅಂತ ಪಟ್ಟಿ ಮಾಡೋದೇ ನನ್ನ ಪ್ರಾಜೆಕ್ಟು.

ನಂಜಪ್ಪ: ಎರಡ್ನೇದೂ ಮೂರ್ನೇದೂ ಪಕ್ಕಪಕ್ಕದಾಗೇ ಅವಲ್ಲವ್ವ, ಅವೂ ನಂಟ್ರಾ?

ಆತಿಯಾ: ಅವು ಲೆಕ್ಕಕ್ಕಿಲ್ಲ. ಒಂದೇ ದಾರದಲ್ಲಿ ಪಕ್ಕಪಕ್ಕ ಪೋಣಿಸಿದ್ಮೇಲೆ ಹತ್ರ ಇರದೆ ಎಲ್ಲಿಗೋಗ್ತವೆ?

ನಂಜಪ್ಪ: ಸರ್ಯಾಗಂದೆ ಕಣವ್ವ! ನನ್ ತಮ್ಮನ ಮನೆ ನಮ್ಮನೆ ಗ್ವಾಡೆಗೇ ಅಂಟ್ಕಂಡೈತೆ. ಮಾತಾಡಿ ಆರು ವರ್ಸ ಆಯ್ತು. ಕಷ್ಟ ಅಂದ್ರೆ ಓಡಿ ಬರೋನು ಮೇಲುಕೋಟೆ ಭಾಮೈದ. ಅವ್ನೇ ನಂಟ.

ಇಮಾಮ್: ತಡೀರಿ, ತಡೀರಿ. ಅಂದ್ರೆ ಇದು ತಾಗಿದ್ರೇನೇ ಕೆಲಸ ಮಾಡೋದಾ?

ಆತಿಯಾ: ತಾಗಿದ್ರೇ ಉಂಡೆ ನಿಲ್ಲೋದು. ಬಿಡಿಸಿದ್ರೆ ಪ್ರೋಟೀನು ಸತ್ತಂಗೆ. ನೀವು ರಾತ್ರೆಯೆಲ್ಲ ಕೂತು ಮಾಡಿರೋದು ಅದನ್ನೇ!

ಇಮಾಮ್: ಯಾ ಅಲ್ಲಾ! ದೇವ್ರು ಮೋಟ್ರು ಒಂಥರ ಮಾಡಿ, ಹುರುಳಿಕಾಳು ಇನ್ನೊಂಥರ ಮಾಡವ್ನಲ್ಲ!

ನಂಜಪ್ಪ: ಮೋಟ್ರು ದೇವ್ರು ಮಾಡಿದ್ದಲ್ಲ ಬುಡಿ ಸಾಬ್ರೆ, ಕೊಯಮತ್ತೂರ್ನೋರು ಮಾಡಿದ್ದು.

ಆತಿಯಾಳಿಗೆ ನಗು ಬರಲಿಲ್ಲ. ಮಧ್ಯಾಹ್ನ ಎರಡಕ್ಕೆ ಮೈಸೂರಿನಲ್ಲಿ ಪದ್ಮ ಮೇಡಂ ಮುಂದೆ ಇದನ್ನಿಟ್ಟು ವಿವರಿಸಬೇಕು. ಅವಳ ಪಟ್ಟಿಯನ್ನು ಮೇಡಂ ಈಗಾಗಲೇ ಎರಡು ಸಲ ಹಿಂದಕ್ಕೆ ಕೊಟ್ಟಿದ್ದರು. ಎಲ್ಲೋ ತಪ್ಪಿದೆ, ನೀನೇ ಹುಡುಕು ಎಂದಿದ್ದರು. ಈ ಸಲವೂ ತಪ್ಪಿದರೆ ಪ್ರಾಜೆಕ್ಟು ಮುಂದಿನ ವರ್ಷಕ್ಕೆ. ಗಂಟೆ ಆಗಲೇ ಎಂಟೂವರೆ, ಬಸ್ಸು ಹನ್ನೊಂದಕ್ಕೆ. ಹುಡುಗಿಯ ಕಣ್ಣು ತುಂಬಿ ಬಂತು. ಕಣ್ಣು ತುಂಬಿದಾಗ ಬಾಯಿಗೆ ಲಗಾಮಿರುವುದಿಲ್ಲ.

ಆತಿಯಾ: ಒಂದು ಮಾತು ಕೇಳಬಾರದಿತ್ತಾ? ನಿಮಗೆ ಇದೆಲ್ಲ ತಿಳಿಯಲ್ಲ ಬಿಡಿ ಅಬ್ಬಾ!

ಈ ಮಾತು ಸಾಬರ ಎದೆಗೆ ನಾಟಿತು. ಐದು ವರ್ಷದ ಕೂಸನ್ನು ಇದೇ ಬೆಂಚಿನ ಮೇಲೆ ಕೂರಿಸಿಕೊಂಡು, ಸುತ್ತು ಎಣಿಸುತ್ತಾ ಎಣಿಸುತ್ತಾ ನೂರರವರೆಗೆ ಲೆಕ್ಕ ಕಲಿಸಿದ್ದು ಅವರೇ. ಆದರೂ ಬೇಸರ ಬಂತೆಂದು ಕೈಕಟ್ಟಿ ಕೂರುವ ಜಾಯಮಾನ ಅವರದಲ್ಲ. ವಾರ್ನಿಷ್ ಡಬ್ಬಿಯ ಮುಚ್ಚಳ ಹಾಕಿ ಚೂಪು ಮೂತಿಯ ಇಕ್ಕಳ ತೆಗೆದುಕೊಂಡರು.

ಇಮಾಮ್: ಪಟ್ಟಿ ಓದು.

ಆತಿಯಾ: ಎಂಟು ದಿನದ ಕೆಲಸ ಅಬ್ಬಾ ಅದು.

ಇಮಾಮ್: ನಿನಗೆ ಎಂಟು ದಿನ. ಓದು.

ನಂಜಪ್ಪ: ನನ್ ಮೋಟ್ರು ಸಾಬ್ರೆ?

ಇಮಾಮ್: ಕಬ್ಬು ಒಂದಿನ ನೀರಿಲ್ದೆ ಇದ್ರೆ ಸಾಯಲ್ಲ. ಜೋಡಿ ಕಟ್ಟೋ ಕೆಂಪು ದಾರ ಇಡ್ಕಳಪ್ಪ ಈ ಕಡೆ.

ಆತಿಯಾ ನಂಬರು ಓದಿದಳು, ಸಾಬರು ತಂತಿ ಬಗ್ಗಿಸಿದರು, ನಂಜಪ್ಪ ಕೆಂಪು ದಾರ ಕಟ್ಟಿದ. ಆ ಬೆರಳುಗಳ ಓಟ ನೋಡಿ ಹುಡುಗಿಯ ಕೋಪ ಅರ್ಧ ಇಳಿಯಿತು. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತು ಜೋಡಿ ಕೂತಿದ್ದವು, ಉಂಡೆ ಉಂಡೆಯಾಗಿತ್ತು. ಆಮೇಲೆ ಇಕ್ಕಳ ನಿಂತಿತು.

ಆತಿಯಾ: ಒಂಬತ್ತು, ಎಪ್ಪತ್ತು.

ಇಮಾಮ್: ಆಗಲ್ಲ.

ಆತಿಯಾ: ಅಂದ್ರೆ?

ಇಮಾಮ್: ಒಂಬತ್ತನ್ನ ಎಪ್ಪತ್ತರ ಹತ್ರ ತಂದ್ರೆ ಈ ಕಡೆ ಮೂರು ಜೋಡಿ ಕಿತ್ಕೊಂಡೋಯ್ತವೆ. ಇದು ಸುಳ್ಳು ನಂಟು. ಮುಂದಿಂದು ಓದು.

ಆತಿಯಾ: ಕಂಪ್ಯೂಟರ್ ಹೇಳಿರೋದು ಅಬ್ಬಾ!

ಇಮಾಮ್: ಕಂಪ್ಯೂಟರು ತಂತಿ ಬಗ್ಗಿಸೈತಾ? ನೀನು ಮೊದ್ಲು ಮಾಡ್ದಾಗ ಇದು ಎಂಗೆ ಕೂತಿತ್ತು, ಅದನ್ನೇಳು.

ಆತಿಯಾ: ಅದು... ಅಲ್ಲಿ ಕೆಂಪು ದಾರ ಸ್ವಲ್ಪ ಉದ್ದ ಬಿಟ್ಟಿದ್ದೆ.

ನಂಜಪ್ಪ: ಅಂಗೇಳವ್ವ ಮತ್ತೆ! ದಾರ ಉದ್ದ ಬುಟ್ರೆ ಪಾಂಡವಪುರಕ್ಕೂ ನಾಗಮಂಗಲಕ್ಕೂ ನಂಟು ಕಟ್ಬೋದು.

ಇಮಾಮ್: ಓದು, ಓದು.

ಪಟ್ಟಿ ಮುಗಿಯುವ ಹೊತ್ತಿಗೆ ಕೂರದ ಜೋಡಿಗಳು ಐದಾದವು. ಸಾಬರು ಐದನ್ನೂ ಸೀಮೆಸುಣ್ಣದಲ್ಲಿ ಬೆಂಚಿನ ಮೇಲೆ ಬರೆದರು. ಹುಬ್ಬು ಗಂಟಿಕ್ಕಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಅರಳಿತು. ಈ ಕಾಯಿಲೆ ಅವರಿಗೆ ಹಳೆಯ ಪರಿಚಯ.

ಇಮಾಮ್: ಬೇಟಾ, ಆ ಕಂಪ್ಯೂಟರ್ ಒಳಗೆ ಎಷ್ಟು ಮೋಟ್ರು ಬಿಚ್ಚಿಟ್ಟಿದೀಯ?

ಆತಿಯಾ: ಮೋಟ್ರಲ್ಲ ಅಂತ ಎಷ್ಟು ಸಲ...

ಇಮಾಮ್: ಏನೋ ಒಂದು. ಎಷ್ಟು? ಒಂದಾ, ಎರಡಾ?

ಆತಿಯಾ: ಒಂದೇ. ಎರಡು ಯಾಕಿರ್ತದೆ?

ಇಮಾಮ್: ಒಂದೇ ಸೈಜಿನ ಎರಡು ಮೋಟ್ರು ಒಂದೇ ಬೆಂಚಿನ ಮೇಲೆ ಬಿಚ್ಚಿದ್ರೆ ಇದರ ಒಂಬತ್ತು ಅದರ ಎಪ್ಪತ್ತಕ್ಕೆ ಹೋಗಿ ಸೇರ್ಕೊಳ್ತದೆ. ಮೂವತ್ತು ವರ್ಷದಾಗೆ ಎರಡು ಸಲ ಮಾಡ್ಕೊಂಡಿದೀನಿ ನಾನು. ತೆಗೆದು ನೋಡು.

ಆತಿಯಾ ತಾತ್ಸಾರದಿಂದಲೇ ಲ್ಯಾಪ್‌ಟಾಪ್ ತೆರೆದಳು. ಫೈಲು ಮೇಲೆ ಕೆಳಗೆ ಓಡಿಸಿದಳು. ಓಡಿಸುತ್ತಿದ್ದ ಬೆರಳು ನಿಂತಿತು.

ಆತಿಯಾ: ಎರಡೈತೆ ಅಬ್ಬಾ.

ಇಮಾಮ್: ಎರಡಾ!

ಆತಿಯಾ: ಒಂದೇ ಥರದ್ದು ಎರಡು, ಅಕ್ಕಪಕ್ಕ. ಎರಡಕ್ಕೂ ಒಂದೇ ನಂಬರು, ಒಂದರಿಂದ ಎಪ್ಪತ್ತಾರು. ನಾನು ಬೇರೆ ಮಾಡದೆ ಲೆಕ್ಕಕ್ಕೆ ಹಾಕ್ಬಿಟ್ಟಿದೀನಿ. ಇದರ ಒಂಬತ್ತು, ಪಕ್ಕದ್ದರ ಎಪ್ಪತ್ತಕ್ಕೆ ತಾಗೈತೆ. ಮೇಡಂ ಹೇಳಿದ ತಪ್ಪು ಇದೇ!

ಒಂದನ್ನೇ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿಸಿದಳು. ಪಟ್ಟಿಯಿಂದ ಐದು ಜೋಡಿ ಉದುರಿದವು. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿದ್ದವೇ ಐದೂ. ಆತಿಯಾ ಬೆಂಚು ನೋಡಿದಳು, ಪರದೆ ನೋಡಿದಳು, ಕೊನೆಗೆ ಅಪ್ಪನ ಮುಖ ನೋಡಲಾರದೆ ಅವರ ವಾರ್ನಿಷ್ ಮೆತ್ತಿದ ಕೈ ಹಿಡಿದುಕೊಂಡಳು. ಇಮಾಮ್ ಸಾಬರಿಗೆ ಆಗ ಆದ ಸಂತೋಷಕ್ಕೆ ಅಂಗಡಿ ಸಾಲದಾಯಿತು.

ನಂಜಪ್ಪ: ಅಳ್ಬ್ಯಾಡ ಬುಡವ್ವ. ಬಸ್ಸು ತಪ್ಪೋಯ್ತದೆ.

ಮೂವರೂ ಉಂಡೆಯನ್ನು ಹಳೇ ಮೋಟಾರಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರು. ಕಿಟಕಿ ಪಕ್ಕ ಕೂತ ಮೇಲೆ ಹುಡುಗಿಗೆ ಹೊಸ ಚಿಂತೆ ಹತ್ತಿತು.

ಆತಿಯಾ: ತಪ್ಪು ಹೇಗೆ ಸಿಕ್ತು ಅಂತ ಮೇಡಂ ಕೇಳಿದ್ರೆ ಏನು ಹೇಳ್ಲಿ ಅಬ್ಬಾ?

ಇಮಾಮ್: ಕಂಪ್ಯೂಟರ್ ಹೇಳ್ತು ಅನ್ನು, ನಂಬ್ತಾರೆ. ಮೋಟ್ರು ಸುತ್ತೋ ಅಪ್ಪ ಹೇಳ್ದ ಅಂದ್ರೆ, ಯಾವುದಕ್ಕೂ ಇನ್ನೊಂದ್ಸಲ ಚೆಕ್ ಮಾಡು ಅಂತಾರೆ.

ಬಸ್ಸು ಹೊರಟಿತು. ಸಾಬರು ವಾಪಸು ಬಂದು ನಂಜಪ್ಪನ ಮೋಟಾರಿಗೆ ಕೈ ಹಾಕಿದರು, ಆದರೆ ಸುತ್ತು ಎಣಿಸುವಾಗ ಮೂರು ಸಲ ಲೆಕ್ಕ ತಪ್ಪಿತು. ನಂಜಪ್ಪ ಕಂಡೂ ಕಾಣದವನಂತೆ ಕೂತಿದ್ದ. ಮೂರೂವರೆಗೆ ಫೋನು ಬಂತು.

ಆತಿಯಾ: ಅಬ್ಬಾ, ನಮ್ಮ ಅಬ್ಬಾನೇ ತಂತಿ ಬಗ್ಗಿಸಿ ಕಂಡುಹಿಡಿದ್ರು ಅಂತ ಎಲ್ರ ಮುಂದೇನೇ ಹೇಳ್ದೆ.

ಇಮಾಮ್: ಅರೆ! ಏನಂದ್ರು?

ಆತಿಯಾ: ಯಾವುದಕ್ಕೂ ಇನ್ನೊಂದ್ಸಲ ಚೆಕ್ ಮಾಡು ಅಂದ್ರು.

ಇಮಾಮ್: ನಾ ಹೇಳ್ಲಿಲ್ವಾ!

ಆತಿಯಾ: ಮೇಡಮ್ಮೇ ಕೂತು ಚೆಕ್ ಮಾಡಿದ್ರು. ಐದಕ್ಕೆ ಐದೂ ಸರಿ! ನಾನು ಪಾಸು ಅಬ್ಬಾ!

ಸಾಬರು ಫೋನಿನ ಸ್ಪೀಕರ್ ಒತ್ತಿ, ನಂಜಪ್ಪನ ಕಡೆ ಹಿಡಿದರು.

ಇಮಾಮ್: ಬೇಟಾ, ಮೇಡಂಗೆ ಇನ್ನೊಂದ್ಸಲ ಚೆಕ್ ಮಾಡಕ್ಕೆ ಹೇಳು. ಐದಕ್ಕೆ ಐದೂ ಸರಿ ಅನ್ನೋದನ್ನ ನಾವಿಬ್ರೂ ಕೇಳಿಸ್ಕೊಳ್ತೀವಿ.